ಗಣಿ ಕಂಪನಿಯ ಆಡಳಿತ: ಷೇರುದಾರರ ಸಂದೇಹ ಮತ್ತು ಕಾನೂನಿನ ಮಾರ್ಗ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಗಣಿಗಾರಿಕೆಯೆಂದರೆ ಮುಖ್ಯವಾಗಿ ಕೆಂಪುಕಲ್ಲು ಹಾಗೂ ಕಪ್ಪುಕಲ್ಲಿನ ಕೋರೆಗಳು. ಒಬ್ಬರ ಮಾಲೀಕತ್ವದಲ್ಲೋ ಪಾಲುದಾರಿಕೆಯಲ್ಲೋ ಆರಂಭವಾದ ಇಂತಹ ಉದ್ಯಮಕ್ಕೆ ಜಲ್ಲಿ ಕ್ರಷರ್, ಲಾರಿ ಮುಂತಾದವುಗಳಿಗಾಗಿ ಹೆಚ್ಚಿನ ಬಂಡವಾಳ ಬೇಕಾದಾಗ ಬಂಧುಮಿತ್ರರನ್ನು ಸೇರಿಸಿಕೊಂಡು ಖಾಸಗಿ ಕಂಪನಿ ರಚಿಸುವುದುಂಟು. ವಿಶ್ವಾಸದಿಂದ ಹಣ ತೊಡಗಿಸಿದವರಿಗೆ ವರ್ಷಗಳು ಕಳೆದರೂ ಲಾಭಾಂಶ ಬಾರದಿದ್ದಾಗ ಆಡಳಿತದ ಬಗ್ಗೆ ಸಂದೇಹ ಮೂಡುವುದು ಸಹಜ. ಆ ಸಂದೇಹವನ್ನು ಉತ್ತರ ನೀಡಲೇಬೇಕಾದ ಪ್ರಶ್ನೆಯನ್ನಾಗಿ ರೂಪಿಸುವುದೇ ಷೇರುದಾರರ ಮೊದಲ ಕರ್ತವ್ಯ.

ಕೋಲಾರದ ಪಾಠ

ಈ ಸಮಸ್ಯೆ ಹೊಸದಲ್ಲ. ಕೋಲಾರದಲ್ಲಿ ಚಿನ್ನ ತೆಗೆಯಲು 1880ರಲ್ಲಿ ಸ್ಥಾಪಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಬಂಡವಾಳ ಮೂರೇ ವರ್ಷಗಳಲ್ಲಿ ಕರಗಿ, ಸುಮಾರು 13,000 ಪೌಂಡ್ ಮಾತ್ರ ಉಳಿದಿತ್ತು. ನೆರೆಯ ಗಣಿಗಳ ಕೆಲಸವೂ ಬಹುತೇಕ ನಿಂತಿತ್ತು. ಗಣಿಯ ಹಕ್ಕನ್ನು ಬಿಟ್ಟುಕೊಟ್ಟು ಬಂದಷ್ಟನ್ನು ಪಡೆಯೋಣವೆಂಬ ಒತ್ತಾಯ ಷೇರುದಾರರ ಮುಂದೆ ಬಂದಿತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಸಲಹೆಯಂತೆ ಕ್ಯಾಪ್ಟನ್ ಪ್ಲಮರ್ ಅವರನ್ನು ಕಳುಹಿಸಿ ಉಳಿದ ಹಣದಲ್ಲಿ ಶೋಧ ಮುಂದುವರಿಸಲಾಯಿತು; ಸಮೃದ್ಧವಾದ ಚಾಂಪಿಯನ್ ಅದಿರುಪದರ ದೊರೆಯಿತು.

ಆಡಳಿತವನ್ನು ಕಣ್ಣುಮುಚ್ಚಿ ನಂಬಬೇಕೆಂಬುದು ಇದರ ಪಾಠವಲ್ಲ. ಅದೇ ಕಾಲದಲ್ಲಿ ವಯನಾಡಿನ ಚಿನ್ನದ ಕಂಪನಿಗಳನ್ನು ನಂಬಿದವರು ಹಣ ಕಳೆದುಕೊಂಡರು. ಉಳಿದ ಹಣವೆಷ್ಟು, ಅದನ್ನು ಯಾವ ಕೆಲಸಕ್ಕೆ ಬಳಸಬೇಕು, ಆ ಕೆಲಸವನ್ನು ಬಲ್ಲವರು ಯಾರು ಎಂಬುದು ಸ್ಪಷ್ಟವಾದ ಬಳಿಕವೇ ಮುಂದುವರಿಯುವ ಅಥವಾ ಮುಚ್ಚುವ ನಿರ್ಧಾರಕ್ಕೆ ಅರ್ಥವಿರುತ್ತದೆ.

ಕೇಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು, ಗುತ್ತಿಗೆಯ ಅವಧಿ. ಗಣಿ ಕಂಪನಿಯ ನಿಜವಾದ ಆಸ್ತಿ ಯಂತ್ರವಲ್ಲ, ಅಗೆಯುವ ಹಕ್ಕು. ಬೆಳ್ತಂಗಡಿಯ ನೆರೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರು ಕಂಪನಿಯ ಗುತ್ತಿಗೆ 1999ರಲ್ಲಿ ಮುಗಿಯಿತು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಂಗಳೂರಿನಲ್ಲಿ ಉಂಡೆ ಅದಿರು ಸ್ಥಾವರ ಉಳಿಯಿತು. ಆದರೆ ಅದಿರು ಕೊಡುವ ಬೆಟ್ಟ ಕೈತಪ್ಪಿತು. ಕೋಟ್ಯಂತರ ರೂಪಾಯಿಯ ಸರ್ಕಾರಿ ಉದ್ಯಮಕ್ಕೆ ಅನ್ವಯಿಸಿದ ಮಾತು ಎರಡೆಕರೆ ಕೋರೆಗೂ ಅನ್ವಯಿಸುತ್ತದೆ.

ಎರಡನೆಯದು, ಪ್ರಮಾಣದ ತಾಳೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ರಾಜಧನ ಪಾವತಿಸಿ ಪಡೆದ ಸಾಗಾಣಿಕೆ ಪರವಾನಿಗೆಗಳ ಮೊತ್ತವೂ ಮಾರಾಟದ ಬಿಲ್ಲುಗಳ ಮೊತ್ತವೂ ಹೊಂದಿಕೆಯಾಗಬೇಕು. ಉದಾಹರಣೆಗೆ, 10,000 ಟನ್ ಸಾಗಿಸಿದ್ದಾಗಿ ಪರವಾನಿಗೆಗಳು ಹೇಳಿ, 8,000 ಟನ್ನಿಗೆ ಮಾತ್ರ ಬಿಲ್ಲುಗಳಿದ್ದರೆ ಉಳಿದ 2,000 ಟನ್ನಿನ ಹಣ ಎಲ್ಲಿ ಹೋಯಿತೆಂಬುದಕ್ಕೆ ವಿವರಣೆ ಬೇಕು. ಪರವಾನಿಗೆಗಿಂತ ಬಿಲ್ಲೇ ಹೆಚ್ಚಿದ್ದರೆ ಅಪಾಯ ಇನ್ನೂ ದೊಡ್ಡದು. ದಂಡದ ಹೊರೆ ಕಂಪನಿಯ ಮೇಲೆಯೇ ಬೀಳಬಹುದು.

ಮೂರನೆಯದು, ನಿರ್ದೇಶಕರ ಸ್ವಂತ ವ್ಯವಹಾರ. ಲಾರಿ ಬಾಡಿಗೆ, ಯಂತ್ರದ ಬಾಡಿಗೆ ಮತ್ತು ಜಮೀನಿನ ಗೇಣಿ ನಿರ್ದೇಶಕರ ಮನೆಯವರಿಗೇ ಸಂದಾಯವಾಗುತ್ತಿದ್ದರೆ ಕಂಪನಿ ನಷ್ಟದಲ್ಲಿದ್ದರೂ ಅವರು ಲಾಭದಲ್ಲಿರಬಹುದು. 2013ರ ಕಂಪನಿ ಕಾಯ್ದೆಯ 184ನೇ ಕಲಮಿನಂತೆ ನಿರ್ದೇಶಕರು ಇಂತಹ ಹಿತಾಸಕ್ತಿಯನ್ನು ಮಂಡಳಿಗೆ ತಿಳಿಸಬೇಕು. ಸಂಬಂಧಿಕರೊಂದಿಗಿನ ವ್ಯವಹಾರಗಳನ್ನು 188ನೇ ಕಲಂ ನಿಯಂತ್ರಿಸುತ್ತದೆ.

ಕಾನೂನಿನ ಮೆಟ್ಟಿಲುಗಳು

ಕಂಪನಿಯ ದಿನವಹಿ ಲೆಕ್ಕಪುಸ್ತಕಗಳನ್ನು ತೆರೆದು ನೋಡುವ ಹಕ್ಕು ಸಾಮಾನ್ಯ ಷೇರುದಾರರಿಗೆ ಇಲ್ಲ. ಆದರೆ ಲೆಕ್ಕಪರಿಶೋಧಿತ ಅಢಾವೆ ಪತ್ರಿಕೆಯನ್ನು ಪಡೆಯುವ ಹಾಗೂ ಮಹಾಸಭೆಯ ನಡವಳಿ ಪುಸ್ತಕವನ್ನು ಪರಿಶೀಲಿಸುವ ಹಕ್ಕುಗಳಿವೆ. ಆದುದರಿಂದ ಪ್ರಶ್ನೆಗಳನ್ನು ಸಭೆಗೆ ಮೊದಲೇ ಲಿಖಿತವಾಗಿ ಸಲ್ಲಿಸಿ, ಉತ್ತರ ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು ಲೇಸು.

ಆಡಳಿತ ಮೌನ ವಹಿಸಿದರೆ, ಮತದಾನದ ಹಕ್ಕುಳ್ಳ ಪಾವತಿಯಾದ ಬಂಡವಾಳದ ಹತ್ತನೇ ಒಂದು ಭಾಗವನ್ನು ಹೊಂದಿರುವವರು 100ನೇ ಕಲಮಿನಂತೆ ವಿಶೇಷ ಮಹಾಸಭೆ ಕರೆಯಲು ಕೋರಬಹುದು. ಮಂಡಳಿಯು 21 ದಿನಗಳೊಳಗೆ ಕ್ರಮ ಕೈಗೊಂಡು, ಕೋರಿಕೆ ತಲುಪಿದ 45 ದಿನಗಳೊಳಗೆ ಸಭೆ ನಡೆಯುವಂತೆ ಕರೆಯದಿದ್ದರೆ, ಕೋರಿದವರೇ ಮೂರು ತಿಂಗಳೊಳಗೆ ಸಭೆ ನಡೆಸಬಹುದು. ದಬ್ಬಾಳಿಕೆ ಅಥವಾ ದುರಾಡಳಿತಕ್ಕೆ ಆಧಾರವಿದ್ದರೆ 241ನೇ ಕಲಮಿನಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೊರೆ ಹೋಗಬಹುದು. ಷೇರು ಬಂಡವಾಳವಿರುವ ಕಂಪನಿಯಲ್ಲಿ ಇದಕ್ಕೆ 100 ಸದಸ್ಯರು ಅಥವಾ ಸದಸ್ಯಸಂಖ್ಯೆಯ ಹತ್ತನೇ ಒಂದು ಭಾಗ, ಇವೆರಡರಲ್ಲಿ ಕಡಿಮೆಯಾದಷ್ಟು ಜನ ಅಥವಾ ಹತ್ತನೇ ಒಂದು ಭಾಗದ ಷೇರುಗಳನ್ನು ಹೊಂದಿದವರು ಬೇಕು. ಪಾಲುದಾರಿಕೆ ಸಂಸ್ಥೆಯಾದರೆ ಮಾರ್ಗ ಸರಳ: 1932ರ ಕಾಯ್ದೆಯಂತೆ ಪ್ರತಿಯೊಬ್ಬ ಪಾಲುದಾರನಿಗೂ ಲೆಕ್ಕಪುಸ್ತಕ ನೋಡುವ ಹಕ್ಕಿದೆ.

ನ್ಯಾಯಮಂಡಳಿಯ ವ್ಯಾಜ್ಯಕ್ಕೆ ಹಣವೂ ಕಾಲವೂ ವ್ಯಯವಾಗುತ್ತವೆ. ಅಷ್ಟರಲ್ಲಿ ಗುತ್ತಿಗೆಯ ಅವಧಿಯೇ ಮುಗಿಯಬಹುದು. ಮೂರು ಪ್ರಶ್ನೆಗಳಿಗೆ ಪ್ರತಿವರ್ಷವೂ ತಾನಾಗಿಯೇ ಉತ್ತರ ನೀಡುವ ಆಡಳಿತಕ್ಕೆ ಷೇರುದಾರರ ಸಂದೇಹವನ್ನು ಎದುರಿಸುವ ಪ್ರಮೇಯ ವಿರಳ. ಮುಂದೆ ಬಂಡವಾಳ ಬೇಕಾದಾಗ ಅಂತಹ ಆಡಳಿತವನ್ನೇ ಜನ ನಂಬುತ್ತಾರೆ.