ರೂಪವೂ ವಂಶವೂ: ಕಾಡು ಟೊಮ್ಯಾಟೊಗಳ ಕುಲವಿಚಾರ

ಸಸ್ಯವರ್ಗೀಕರಣದಲ್ಲಿ ಎಲೆ, ಹೂ, ಕಾಯಿಗಳ ರೂಪವೇ ಬಹುಕಾಲ ಪ್ರಮಾಣವೆನಿಸಿತ್ತು. ಆದರೆ ಮಣ್ಣು, ನೀರು, ಬಿಸಿಲುಗಳಿಗೆ ತಕ್ಕಂತೆ ರೂಪ ಮಾರ್ಪಡುವುದರಿಂದ, ನಿಕಟ ಸಂಬಂಧಿಗಳಲ್ಲಿ ಅದೊಂದೇ ಸಾಲದು.

ಟೊಮ್ಯಾಟೊವಿನ ಕಾಡುಬಂಧುಗಳೇ ಇದಕ್ಕೆ ನಿದರ್ಶನ. ಪೆರು ಹಾಗೂ ಉತ್ತರ ಚಿಲಿಯಲ್ಲಿ ಬೆಳೆಯುವ, ಹಣ್ಣಾದರೂ ಹಸಿರಾಗಿಯೇ ಉಳಿಯುವ ಹಲವು ಗಿಡಗಳು ‘ಸೊಲಾನಂ ಪೆರುವಿಯಾನಂ’ ಎಂಬ ಒಂದೇ ಹೆಸರನ್ನು ಹೊತ್ತಿದ್ದವು. ವರ್ಣತಂತುಗಳ ಎಣಿಕೆಯಿಂದ ಇವುಗಳನ್ನು ಬೇರ್ಪಡಿಸಲಾಗದು, ಎಲ್ಲಕ್ಕೂ 24. ಪೆರಾಲ್ಟ, ನ್ಯಾಪ್, ಸ್ಪೂನರ್ ಎಂಬ ವಿದ್ವಾಂಸರು ಬಾಹ್ಯಲಕ್ಷಣಗಳನ್ನೂ ಡಿ.ಎನ್.ಎ. ತುಣುಕುಗಳನ್ನೂ ಹೋಲಿಸಿ, 2005ರಲ್ಲಿ ಅವುಗಳನ್ನು ಪೆರುವಿಯಾನಂ, ಕಾರ್ನೆಲಿಯೊಮುಲ್ಲೆರಿ, ಅರ್ಕಾನಂ, ಹುಯಾಯ್ಲಾಸೆನ್ಸೆ ಎಂಬ ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಆದರೂ ಮೊದಲೆರಡರ ನಡುವೆ ವಂಶವಾಹಿಗಳು ಸ್ಪಷ್ಟವಾದ ಗೆರೆಯನ್ನು ಎಳೆಯುವುದಿಲ್ಲ. ಅಲ್ಲಿ ರೂಪವೂ ನೆಲೆಯೂ ನೆರವಿಗೆ ಬರಬೇಕು.

ಇದು ಬರಿಯ ಹೆಸರಿನ ಚರ್ಚೆಯಲ್ಲ. ಬೇರುಗಂಟು ರೋಗದ ಜಂತುವನ್ನು ತಡೆಯುವ ಗುಣವು 1940ರ ದಶಕದಲ್ಲಿ ಈ ಗುಂಪಿನಿಂದಲೇ, ಎಳೆಯ ಭ್ರೂಣವನ್ನು ಪ್ರಯೋಗಾಲಯದಲ್ಲಿ ಸಾಕುವ ಮೂಲಕ, ನಾಡ ಟೊಮ್ಯಾಟೊವಿಗೆ ಬಂದಿತು. ಯಾವ ಗುಣ ಯಾವ ಗಿಡದಲ್ಲಿದೆಯೆಂದು ಅರಿಯದೆ ಅದನ್ನು ಮತ್ತೆ ಹುಡುಕುವುದಾಗಲಿ, ಆ ಗಿಡದ ನೆಲೆಯನ್ನು ಕಾಪಾಡುವುದಾಗಲಿ ಸಾಧ್ಯವಿಲ್ಲ. ವಿದ್ಯಾರ್ಥಿಗಳಿಗೆ ಹೆಸರನ್ನು ಬಾಯಿಪಾಠ ಮಾಡಿಸುವ ಮುನ್ನ, ಆ ಹೆಸರು ಯಾವ ಆಧಾರದ ಮೇಲೆ ನಿಂತಿದೆಯೆಂದು ಕೇಳಲು ಕಲಿಸುವುದೇ ಶಾಸ್ತ್ರಶಿಕ್ಷಣದ ಸಾರ.