ಸುಮ್ಮನಿರು ಅನ್ನುವ ಮುಂಚೆ

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ, ಮಗಳೇ. "ದೊಡ್ಡಪ್ಪ, ನನ್ನ ನಲಿಕಲಿ ಕೋಣೆಯಲ್ಲಿ ಮೂರು ಮಕ್ಕಳು ಬಾಯೇ ಬಿಡೋದಿಲ್ಲ. ಗದರಿದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ನಿಧಾನ ಕಲಿಕೆಯವರು ಅಂತ ಬರೆದುಬಿಡಲಾ?" ಶ್ರೀನಿವಾಸಪುರದಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಂಥ ಊರುಗಳಲ್ಲೇ ಮೂವತ್ತು ವರ್ಷಕ್ಕೆ ಮೇಲೆ ಸೀಮೆಸುಣ್ಣ ಹಿಡಿದವನು ನಾನು. ಆ ಹೊತ್ತಿಗೆ "ಸ್ವಲ್ಪ ತಾಳು, ಏನೂ ಬರೆಯಬೇಡ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಹೇಳಬೇಕಾದದ್ದು ಬಹಳ ಇತ್ತು. ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ ಬೇರೆಯವರೂ ಇದನ್ನು ಓದಲಿ.

ಆ ಮಕ್ಕಳು ಮಾತಾಡುವುದಿಲ್ಲ ಎಂದು ಹೇಳಿದೆ. ಅದು ಯಾವ ಬಗೆಯ ಮಾತಾಡದಿರುವಿಕೆ ಎಂದು ಹೇಳಲಿಲ್ಲ. ನಾನು ಕೇಳಬೇಕೆಂದಿರುವುದು ಅದನ್ನೇ.

ನಮ್ಮ ಕನ್ನಡವನ್ನೇ ನೋಡು. ಮೌನ ಎಂಬ ಪದ ಸಂಸ್ಕೃತದಿಂದ ಬಂದದ್ದು. ಮುನಿಯ ಭಾವ ಮೌನ. ಆ ಪದಕ್ಕೆ ಹುಟ್ಟಿನಿಂದಲೇ ಒಂದು ಮರ್ಯಾದೆ ಇದೆ. ತಾನಾಗಿ ಬೇಕೆಂದು ಹಿಡಿದದ್ದು ಎಂಬ ಅರ್ಥ ಇದೆ. ಗಾಂಧೀಜಿ ಸೋಮವಾರ ಮಾತಾಡುತ್ತಿರಲಿಲ್ಲ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅದು ಮೌನ. ಮನೆಯಲ್ಲಿ, ಹೊಲದಲ್ಲಿ ನಾವು ಆಡುವ ಮಾತುಗಳು ಬೇರೆ. ಅವು ಮೈಯನ್ನು ಹಿಡಿದು ಹುಟ್ಟಿದವು. ಹಟ ಹಿಡಿದವನು ತುಟಿ ಪಿಟಕ್ಕೆನ್ನುವುದಿಲ್ಲ. ಗುಟ್ಟು ಕಾಯುವವನು ಉಸಿರೆತ್ತುವುದಿಲ್ಲ. ಹೆದರಿದವನಿಗೆ ನಾಲಿಗೆ ಹೊರಳುವುದಿಲ್ಲ. ದುಃಖ ಉಕ್ಕಿದವನಿಗೆ ಗಂಟಲು ಕಟ್ಟುತ್ತದೆ. ಜಗಳ ಬೇಡ ಎನ್ನುವವನು ಬಂದ ಮಾತನ್ನು ನುಂಗಿಕೊಳ್ಳುತ್ತಾನೆ. ಜಗಳ ಆಗಿಯೇಹೋದರೆ ಎರಡು ಮನೆಯವರು ಮಾತು ಬಿಡುತ್ತಾರೆ. ಹೊರಗೆ ನಿಂತು ನೋಡುವವನಿಗೆ ಇವೆಲ್ಲ ಒಂದೇ ಥರ, ಸದ್ದಿಲ್ಲ ಅಷ್ಟೆ. ತುಟಿಯಲ್ಲಿ ನಿಂತ ಮಾತಿಗೂ ಗಂಟಲಲ್ಲಿ ನಿಂತ ಮಾತಿಗೂ ಎಷ್ಟು ದೂರ ಎಂಬುದು ನಮ್ಮ ಭಾಷೆಗೆ ಗೊತ್ತಿತ್ತು. ಆ ಭಾಷೆಯನ್ನು ಕಲಿಸುತ್ತಿದ್ದ ನನಗೆ ಗೊತ್ತಾಗಲು ಒಂದು ದೊಡ್ಡ ತಪ್ಪೇ ನಡೆಯಬೇಕಾಯಿತು.

1979ರ ಮಾತು. ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಮುಳಬಾಗಿಲು ಕಡೆಯ ಒಂದು ಹಳ್ಳಿ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಹತ್ತು ಹನ್ನೆರಡು ದಿನ ಶಾಲೆಗೆ ಬಂದಿರಲಿಲ್ಲ. ಬಂದ ದಿನ, "ಎಲ್ಲಿ ಹೋಗಿದ್ದೆಯಮ್ಮ ಇಷ್ಟು ದಿನ?" ಎಂದು ಕೇಳಿದೆ. ನೆಲ ನೋಡುತ್ತ ನಿಂತಳು. ಮತ್ತೆ ಕೇಳಿದೆ. ದನಿ ಏರಿಸಿ ಕೇಳಿದೆ. ತುಟಿ ಪಿಟಕ್ಕೆನ್ನಲಿಲ್ಲ ಎಂದೇ ಅಂದು ನನಗೆ ಅನಿಸಿದ್ದು. ಎಲ್ಲರೆದುರಿಗೆ ನನ್ನ ಮಾತಿಗೆ ಬೆಲೆ ಕೊಡಲಿಲ್ಲ ಎಂದು ಸಿಟ್ಟು ಬಂತು. ಜಗುಲಿಗೆ ಹೋಗಿ ನಿಂತುಕೋ ಎಂದೆ. ಊಟದ ಗಂಟೆ ಹೊಡೆಯುವ ತನಕ ನಿಂತಿದ್ದಳು. ಆಮೇಲೆ ಒಬ್ಬ ಹುಡುಗ ಹತ್ತಿರ ಬಂದು ಮೆಲ್ಲಗೆ ಹೇಳಿದ: "ವಾಳ್ಳಮ್ಮ ಚಚ್ಚಿಪೋಯಿಂದಿ ಸಾರ್." ಅವಳ ತಾಯಿ ತೀರಿಕೊಂಡಿದ್ದಳು. ಕ್ಲಾಸಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಗಂಟಲು ಕಟ್ಟಿದ್ದ ಮಗುವನ್ನು ನಾನು ತುಟಿ ಬಿಗಿದ ಮಗು ಎಂದು ಓದಿದ್ದೆ. ಅವಳ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ಅವತ್ತು ನನಗೂ ಬಾಯಿ ಬರಲಿಲ್ಲ. ಆ ಜಗುಲಿ ಈಗಲೂ ನನ್ನ ಕಣ್ಣ ಮುಂದೆ ಇದೆ. ನಿನ್ನ ಕಣ್ಣ ಮುಂದೆ ಅಂಥದ್ದು ಯಾವುದೂ ಬಂದು ನಿಲ್ಲಬಾರದು ಎಂಬ ಆಸೆಗೆ ಇಷ್ಟೆಲ್ಲ ಬರೆಯುತ್ತಿರುವುದು.

ಅಲ್ಲಿಂದಾಚೆಗೆ ನನಗೊಂದು ಅಭ್ಯಾಸ ಅಂಟಿತು. ಯಾವ ಭಾಷೆಯವರು ಸಿಕ್ಕರೂ, ಯಾವ ನಿಘಂಟು ಕೈಗೆ ಬಂದರೂ, ಇವರು ಮಾತಾಡದಿರುವುದಕ್ಕೆ ಏನನ್ನುತ್ತಾರೆ ಎಂದು ನೋಡುವುದು. ಹಳೆಯ ಲ್ಯಾಟಿನ್ನಿನಲ್ಲಿ ಬಾಯಿದ್ದವರು ಮಾತಾಡದಿರುವುದು ‘ತಾಕೇರೆ’, ಇರುಳು ಕಡಲು ಗಾಳಿ ಸದ್ದಿಲ್ಲದಿರುವುದು ‘ಸಿಲೇರೆ’. ಇಂಗ್ಲಿಷಿನ ಸೈಲೆನ್ಸ್ ಈ ಎರಡನೆಯದರ ಸಂತಾನ. ರಷ್ಯನ್ನರಿಗೆ ಮನುಷ್ಯನದು ‘ಮೊಲ್ಚಾನಿಯೆ’, ಹಿಮ ಬಿದ್ದ ಕಾಡಿನದು ‘ತಿಶಿನಾ’. ಜರ್ಮನರಲ್ಲಿ ಮಾತಾಡದಿರುವುದಕ್ಕೆ ‘ಶ್ವೈಗನ್’ ಎಂಬ ಒಂದು ಕ್ರಿಯಾಪದವೇ ಇದೆ. ನಡೆ, ಓಡು, ಉಣ್ಣು ಎಂಬಂತೆ ಅದೂ ಒಂದು ಮಾಡುವ ಕೆಲಸ. ಪಾರ್ಸಿಯ ‘ಖಾಮೋಶ್’ ಮಾತು ನಿಲ್ಲಿಸಿದವನಿಗೂ ಸಲ್ಲುತ್ತದೆ, ಆರಿಸಿದ ದೀಪಕ್ಕೂ ಸಲ್ಲುತ್ತದೆ. ಮೌಲಾನಾ ರೂಮಿ ತನ್ನ ಎಷ್ಟೋ ಗಜಲುಗಳ ಕೊನೆಯಲ್ಲಿ ಈ ಪದವನ್ನೇ ತನ್ನ ಅಂಕಿತದಂತೆ ಇಟ್ಟುಕೊಂಡ.

ಜಪಾನೀಯರದು ನನಗೆ ಬಹಳ ಹಿಡಿಸಿತು. ಅವರಲ್ಲಿ ಸದ್ದಿಲ್ಲದಿರುವುದಕ್ಕೇ ಒಂದು ಸದ್ದಿನ ಪದ ಇದೆ: ‘ಶೀನ್’. ಚಿತ್ರಕಥೆಗಳಲ್ಲಿ ಖಾಲಿ ಕೋಣೆಯ ಚಿತ್ರದ ಮೇಲೆ ಅದನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಇದೇನು ವಿಚಿತ್ರ ಎಂದುಕೊಂಡೆ. ಆಮೇಲೆ ನಿನ್ನ ದೊಡ್ಡಮ್ಮ ಹೇಳಿದ ಮಾತು ನೆನಪಾಯಿತು. ಬೇಸಿಗೆ ರಜೆ ಮುಗಿಸಿ ನೀವೆಲ್ಲ ಊರಿಗೆ ಹೊರಟ ಸಂಜೆ ಅವಳು "ಮನೆ ಬಿಕೋ ಅನ್ನುತ್ತೆ" ಎನ್ನುತ್ತಿದ್ದಳಲ್ಲ! ಮನೆಯೇನೂ ಅನ್ನುವುದಿಲ್ಲ, ಆದರೂ ನಮಗೆ ಅದು ‘ಅನ್ನುತ್ತದೆ’. ಕತ್ತಲು ಗವ್ವೆನ್ನುತ್ತದೆ, ಜಾತ್ರೆ ಮುಗಿದ ಬಯಲು ಭಣಗುಟ್ಟುತ್ತದೆ. ಸದ್ದು ಇಲ್ಲದ ಕಡೆಯೂ ಏನೋ ಹೇಳುವುದು ಇದೆ ಎಂದು ಜಪಾನೀಯರ ಹಾಗೇ ನಮ್ಮವರಿಗೂ ಕೇಳಿಸಿದೆ. ನಿನ್ನ ಕೋಣೆಯ ಆ ಮೂಲೆಯಲ್ಲಿ ನಿನಗೂ ಅದು ಕೇಳಿಸಬೇಕು.

ಇನ್ನು ನೀನು ದಿನಕ್ಕೆ ನೂರು ಸಲ ಬಳಸುವ ಪದಕ್ಕೆ ಬರುತ್ತೇನೆ. ಸುಮ್ಮನಿರು. ನಮ್ಮ ಉತ್ತರ ಕರ್ನಾಟಕದವರು ‘ಗಪ್ಪ ಕುಂದ್ರು’ ಎನ್ನುತ್ತಾರೆ, ಮರಾಠಿಯ ‘ಗಪ್ಪ ಬಸ್’ ಅದಕ್ಕೆ ನಂಟು. ಅದೇ ಮರಾಠಿಯಲ್ಲಿ ‘ಗಪ್ಪಾ’ ಎಂದರೆ ಹರಟೆ! ಒಂದು ಸ್ವರ ಎಳೆದರೆ ಬಾಯಿ ಮುಚ್ಚಿದವರು ಹರಟೆಗೆ ಕೂರುತ್ತಾರೆ. ನಮ್ಮ ‘ಸುಮ್ಮನೆ’ ಇನ್ನೂ ದೊಡ್ಡ ಪದ. ಮಾತಿಲ್ಲದೆ ಎಂದೂ ಆಯಿತು, ಕೆಲಸವಿಲ್ಲದೆ ಎಂದೂ ಆಯಿತು, ಕಾರಣವಿಲ್ಲದೆ ಎಂದೂ ಆಯಿತು. "ಯಾಕೆ ಬಂದೆ?" "ಸುಮ್ಮನೆ ಬಂದೆ, ನೋಡಿ ಹೋಗೋಣ ಅಂತ." ಈ ಉತ್ತರದಲ್ಲಿ ಎಷ್ಟು ಪ್ರೀತಿ ಇದೆ! ತಮಿಳಿನ ‘ಸುಮ್ಮಾ’ ಹೀಗೆಯೇ ನಡೆಯುತ್ತದೆ. ತಿರುವಣ್ಣಾಮಲೆಯ ರಮಣ ಮಹರ್ಷಿಗಳ ಉಪದೇಶವೆಲ್ಲ ‘ಸುಮ್ಮಾ ಇರು’ ಎಂಬ ಎರಡು ಪದದಲ್ಲಿ ಇದೆ ಎನ್ನುತ್ತಾರೆ. ನಿನ್ನ ಮಕ್ಕಳ ಮನೆಯ ತೆಲುಗಿನಲ್ಲಿ ‘ಊರಿಕೇ’ ಎಂದರೆ ಇದೇ ‘ಸುಮ್ಮನೆ’.

ಅದಕ್ಕೆ ಹತ್ತಿರದ ‘ಊರುಕೋ’ ಎಂಬ ಮಾತನ್ನು ನೀನು ಆ ಊರಿನಲ್ಲಿ ಕೇಳಿರುತ್ತೀಯ. ತಂಟೆ ಮಾಡುವ ಮಗುವಿಗೂ ಊರುಕೋ. ಬಿದ್ದು ಮಂಡಿ ತರಚಿಕೊಂಡು ಅಳುವ ಮಗುವಿಗೂ ಊರುಕೋ. ಕನ್ನಡದಲ್ಲೂ ಹಾಗೇ ಅಲ್ಲವೇ? "ಸುಮ್ನಿರು!" ಎಂದು ಗದರುತ್ತೇವೆ. "ಸುಮ್ನಿರು ಕಂದಾ, ಅಳಬೇಡ" ಎಂದು ಎದೆಗೆ ಒತ್ತಿಕೊಳ್ಳುತ್ತೇವೆ. ಪದ ಒಂದೇ. ಮನೆಯಲ್ಲಿ ಮಗುವಿಗೆ ಈ ಎರಡೂ ಸಿಗುತ್ತವೆ. ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಮೊದಲನೆಯದು ಮಾತ್ರ ಸಿಗುತ್ತದೆ, ಅದೂ ಪರಭಾಷೆಯಲ್ಲಿ. ಮೂರು ವಾರ ಅದನ್ನೇ ಕೇಳಿದ ಮಗು ಸುಮ್ಮನಾದರೆ ಅದು ನಾವು ಕಲಿಸಿದ ಪಾಠವನ್ನೇ ಒಪ್ಪಿಸುತ್ತಿದೆ.

ಇನ್ನೊಂದು. "ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳಿ, ಯಾರೂ ಮಾತಾಡದಿದ್ದರೆ ಆಯಿತು ಎಂದುಕೊಂಡು ಮುಂದಕ್ಕೆ ಹೋಗಬೇಡ. ಮೌನವೇ ಸಮ್ಮತಿ ಎಂಬ ಮಾತು ನಮ್ಮ ನಾಡಿನಲ್ಲಿ ಹಳೆಯದು. ಬುದ್ಧನನ್ನು ಊಟಕ್ಕೆ ಕರೆದಾಗ ಅವನು ಮಾತಾಡದೆ ಒಪ್ಪಿಗೆ ಕೊಟ್ಟ ಎಂದು ಪಾಳಿ ಗ್ರಂಥಗಳು ಮತ್ತೆ ಮತ್ತೆ ಹೇಳುತ್ತವೆ. ಅಲ್ಲಿ ಸುಮ್ಮನಿದ್ದವನಿಗೆ ಬೇಡ ಎನ್ನುವ ಶಕ್ತಿಯೂ ಇತ್ತು, ಆದ್ದರಿಂದ ಅದು ಸಮ್ಮತಿ. ಆರು ವರ್ಷದ ಮಗುವಿಗೆ ಮೇಷ್ಟರ ಎದುರು ಆ ಶಕ್ತಿ ಎಲ್ಲಿದೆ?

ಅಮೆರಿಕದ ಅರಿಜೋನಾದಲ್ಲಿ ಅಪಾಚೆ ಎಂಬ ಮೂಲನಿವಾಸಿಗಳಿದ್ದಾರೆ. ಅವರ ಸಿಬೆಕ್ಯೂ ಎಂಬ ಊರಿನಲ್ಲಿ ಇದ್ದು ನೋಡಿದ ಕೀತ್ ಬಾಸೊ ಎಂಬ ಮಾನವಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಪ್ರಕಟಿಸಿದ. ಅಪಾಚೆಗಳು ಯಾವಾಗ ಮಾತು ಬಿಟ್ಟು ಕೂರುತ್ತಾರೆ ಎಂಬುದೇ ಅದರ ವಿಷಯ. ಗುರುತಿಲ್ಲದವರ ಎದುರಿಗೆ ಮಾತಾಡುವುದಿಲ್ಲ. ಅವಸರದಲ್ಲಿ ಪರಿಚಯ ಬೆಳೆಸಲು ಬಂದವನ ಮೇಲೆ ಅವರಿಗೆ ಅನುಮಾನ. ದುಃಖದಲ್ಲಿರುವವರ ಜೊತೆ ಮಾತಾಡುವುದಿಲ್ಲ, ಪಕ್ಕದಲ್ಲಿ ಇರುತ್ತಾರೆ ಅಷ್ಟೆ. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು. ದೂರದ ವಸತಿ ಶಾಲೆಯಿಂದ ಮಗು ರಜೆಗೆ ಮನೆಗೆ ಬಂದಾಗ ತಂದೆತಾಯಿ ಅದನ್ನು ಪ್ರಶ್ನೆಗಳಿಂದ ಮುತ್ತುವುದಿಲ್ಲ. ತಾವು ಸುಮ್ಮನಿದ್ದು ಮಗು ಮಾತು ಶುರುಮಾಡಲಿ ಎಂದು ಕಾಯುತ್ತಾರೆ. ಪರವೂರು, ಪರಭಾಷೆ ಅದನ್ನು ಎಷ್ಟು ಬದಲಾಯಿಸಿದೆಯೋ ಏನೋ, ತಾನಾಗಿ ಹೇಳಲಿ, ನಾವು ಕೇಳಿಸಿಕೊಳ್ಳೋಣ ಎಂದು. ಇದನ್ನು ಓದಿದ ದಿನ ನಾನು ಜಗುಲಿಯ ಆ ಹುಡುಗಿಯನ್ನು ನೆನೆದು ಬಹಳ ಹೊತ್ತು ಕೂತಿದ್ದೆ. ಹನ್ನೆರಡು ದಿನದ ಮೇಲೆ ಬಂದ ಮಗುವನ್ನು ಹೇಗೆ ಎದುರುಗೊಳ್ಳಬೇಕು ಎಂದು ಅರಿಜೋನಾದ ಬೇಸಾಯಗಾರರಿಗೆ, ದನ ಕಾಯುವವರಿಗೆ ಗೊತ್ತಿತ್ತು.

ನಿನ್ನ ಕೆಲಸಕ್ಕೆ ನೇರವಾಗಿ ಬರುವ ಸಂಗತಿ ಅದೇ ಅಮೆರಿಕದ ಆರೆಗನ್ ಪ್ರಾಂತದ್ದು. ಅಲ್ಲಿನ ವಾರ್ಮ್ ಸ್ಪ್ರಿಂಗ್ಸ್ ಎಂಬ ಮೂಲನಿವಾಸಿ ನೆಲೆಯ ಶಾಲೆಗಳಲ್ಲಿ ಸೂಸನ್ ಫಿಲಿಪ್ಸ್ ಎಂಬಾಕೆ ಕೂತು ಗಮನಿಸಿ 1972ರಲ್ಲಿ ಬರೆದಳು. ಇಡೀ ಕ್ಲಾಸಿನ ಎದುರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಆ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಮೇಷ್ಟರುಗಳು ಅವರನ್ನು ದಡ್ಡರೆಂದು, ನಾಚಿಕೆಯವರೆಂದು ಬರೆಯುತ್ತಿದ್ದರು. ಅವರನ್ನೇ ನಾಲ್ಕು ಜನರ ಗುಂಪು ಮಾಡಿ ಒಂದು ಕೆಲಸ ಕೊಟ್ಟರೆ ಮಾತು ತಾನಾಗಿ ಬರುತ್ತಿತ್ತು. ಮನೆಯಲ್ಲಿ ಅವರು ಕಲಿಯುತ್ತಿದ್ದುದು ನೋಡಿ ನೋಡಿ, ಯಾರೂ ಕಾಣದಂತೆ ಮಾಡಿ ನೋಡಿ, ಬಂತು ಎಂದು ಗಟ್ಟಿಯಾದ ಮೇಲೆಯೇ ಎಲ್ಲರೆದುರಿಗೆ ತೋರಿಸಿ. ಕಲಿಯುವ ಮೊದಲೇ ಎಲ್ಲರೆದುರು ತಪ್ಪುವುದು ಅವರಿಗೆ ಒಗ್ಗದ ಪದ್ಧತಿ. ನಿನಗೆ ನಲಿಕಲಿ ಇದೆ ಮಗಳೇ. 1995ರಲ್ಲಿ ಎಚ್.ಡಿ. ಕೋಟೆಯ ಹಳ್ಳಿ ಶಾಲೆಗಳಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಗೆಳೆಯರ ಸಹಾಯದಿಂದ ಕಲಿಯುವ ತಟ್ಟೆಯೇ ಒಂದಿದೆ. ಅದು ಕೈಯಲ್ಲಿರುವಾಗ ಆ ಮೂವರನ್ನು ಎಬ್ಬಿಸಿ ನಿಲ್ಲಿಸಿ ಕೇಳುವುದು ಯಾಕೆ?

ಹೊಸ ಭಾಷೆಯ ನಡುವೆ ಬಂದು ಬಿದ್ದ ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾರೆ. ಭಾಷಾಕಲಿಕೆಯ ವಿದ್ವಾಂಸರು ಇದಕ್ಕೆ ಮೌನದ ಅವಧಿ ಎನ್ನುತ್ತಾರೆ. ಬಿತ್ತಿದ ಬೀಜವನ್ನು ದಿನಾ ಕೆದಕಿ ನೋಡಿದರೆ ಏನಾಗುತ್ತದೆ ಎಂದು ನಿಮ್ಮ ತಾತ ಹೇಳುತ್ತಿದ್ದುದು ನೆನಪಿದೆ ತಾನೇ?

ಕಾಯುವುದು ಎಷ್ಟು ಹೊತ್ತು ಎಂದು ಕೇಳುತ್ತೀಯ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದ ಮೊದಲಲ್ಲಿ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಅಳೆದಳು. ಪ್ರಶ್ನೆ ಕೇಳಿದ ಮೇಲೆ ಮೇಷ್ಟರು ಕಾಯುತ್ತಿದ್ದುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿ ಬಿಡದಿದ್ದ ಮಕ್ಕಳೂ ಮಾತಾಡತೊಡಗಿದರು. ಬರೀ ಮೂರು ಸೆಕೆಂಡು. ನಾಳೆ ನೀನೇ ಎಣಿಸಿ ನೋಡು. ಕ್ಲಾಸಿನಲ್ಲಿ ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು ಮೇಷ್ಟರಿಗೆ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ಮಕ್ಕಳ ತಾಯಂದಿರನ್ನು ಕಂಡು ಮಾತಾಡು. ಮನೆಯಲ್ಲಿ ಬೀದಿಯಲ್ಲಿ ಚೆನ್ನಾಗಿ ಮಾತಾಡುವ ಮಗುವೋ, ಅಲ್ಲೂ ಇಲ್ಲವೋ ಕೇಳು. ಅಲ್ಲೂ ಇಲ್ಲ ಎಂದರೆ ಕಾಯಬಾರದು. ಮೊದಲು ಕಿವಿ ಕೇಳಿಸುತ್ತದೆಯೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ. ಮಾತು ಬರದ ಮಗುವನ್ನು ನಾಚಿಕೆಯ ಮಗು ಎಂದು ಬಿಟ್ಟುಬಿಡುವುದೂ ತಪ್ಪು ಓದೇ.

ನಿಧಾನ ಕಲಿಕೆ ಎಂದು ಇನ್ನೂ ಬರೆಯಬೇಡ. ಒಮ್ಮೆ ಬರೆದ ಮಾತು ಆ ಮಗುವಿನ ಹಿಂದೆ ಏಳನೇ ಕ್ಲಾಸಿನವರೆಗೂ ನಡೆದು ಬರುತ್ತದೆ. ಸೋಮವಾರ ಆ ಮೂವರನ್ನು ಒಂದೇ ತಟ್ಟೆಗೆ ಕೂರಿಸು, ಜೊತೆಗೆ ತೆಲುಗು ಕನ್ನಡ ಎರಡೂ ಬರುವ ಒಬ್ಬ ಜಾಣೆಯನ್ನು ಕೂರಿಸು. ನೀನೂ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತುಕೋ. ಏನೂ ಕೇಳಬೇಡ. ಅವರಲ್ಲಿ ಯಾರಾದರೂ "ಯಾಕೆ ಬಂದ್ರಿ ಮಿಸ್?" ಎಂದು ಕೇಳಿದರೆ, ಊರಿಕೇ ಬಂದೆ ಎಂದು ಹೇಳು. ಆಮೇಲೆ ಏನಾಯಿತು ಎಂದು ನನಗೆ ಫೋನ್ ಮಾಡು. ಎಷ್ಟು ರಾತ್ರಿಯಾದರೂ ಎದ್ದಿರುತ್ತೇನೆ.