ಮೊದಲು ಎತ್ತರ, ಆಮೇಲೆ ಡಿಜಿಟಲ್

ಹವ್ಯಾಸಿ ರೇಡಿಯೊದ ಡಿಜಿಟಲ್ ಬಗೆಗಳಾದ ಡಿಎಂಆರ್, ಡಿ-ಸ್ಟಾರ್, ಸಿ4ಎಫ್‌ಎಂ ಪೈಕಿ ಯಾವುದರ ಹ್ಯಾಂಡ್‌ಸೆಟ್ ಕೊಳ್ಳಲಿ ಎಂದು ಕೇಳಿದ್ದೀರಿ. ಒಂದರ ಡಿಜಿಟಲ್ ಮಾತು ಇನ್ನೊಂದಕ್ಕೆ ನೇರವಾಗಿ ತಿಳಿಯದು. ಎಲ್ಲಕ್ಕೂ ಸಮಾನವಾದದ್ದು ಎಫ್‌ಎಂ. ಆದ್ದರಿಂದ ಟಿಕೋಟಾ, ಬಬಲೇಶ್ವರದ ಗೆಳೆಯರ ಬಳಿ ಇರುವ ಬಗೆಯನ್ನೇ ಕೊಳ್ಳಿ; ಯಾರ ಬಳಿಯೂ ಇಲ್ಲದಿದ್ದರೆ ಅಗ್ಗದ ಡಿಎಂಆರ್ ಸಾಕು. ಉಳಿದ ಹಣ ಆಂಟೆನಾಕ್ಕಿರಲಿ. ಬಯಲುಸೀಮೆಯಲ್ಲೂ ಭೂಮಿಯ ಬಾಗು ಅಡ್ಡ ಬರುತ್ತದೆ: ಇಬ್ಬರೂ ಕೈಯಲ್ಲಿ ಹಿಡಿದು ನಿಂತರೆ ಅಲೆ ತಲುಪುವುದು ಹೆಚ್ಚೆಂದರೆ 10 ಕಿ.ಮೀ., ಟಿಕೋಟಾ ಇರುವುದು ನಿಮ್ಮಿಂದ ಸುಮಾರು 20 ಕಿ.ಮೀ. ಆಚೆ. ಎರಡೂ ಕಡೆ ಆಂಟೆನಾ 30 ಅಡಿ ಏರಿದರೆ ಆ ಮಿತಿ 25 ಕಿ.ಮೀ. ಆಗುತ್ತದೆ.

ಡಿಜಿಟಲ್ ದನಿ ಸ್ವಚ್ಛವಲ್ಲವೇ ಎನ್ನುವಿರಿ. ನಿಜ, ಅಂಚಿನವರೆಗೂ ಗರಗರ ಇಲ್ಲ. ಅಂಚು ದಾಟಿದೊಡನೆ ಮಾತು ತುಂಡುತುಂಡಾಗಿ ನಿಂತೇ ಹೋಗುತ್ತದೆ. ಎಫ್‌ಎಂನಲ್ಲಾದರೆ ಗರಗರದ ನಡುವೆಯೂ ಕಾಲ್‌ಸೈನ್ ಹಿಡಿಯಬಹುದು. ರೇಡಿಯೊವನ್ನು ಇಂಟರ್‌ನೆಟ್‌ಗೆ ಜೋಡಿಸುವ ಹಾಟ್‌ಸ್ಪಾಟ್ ಇಟ್ಟರೆ ಜಗತ್ತೇ ಸಿಗುತ್ತದೆ, ಆದರೆ ಇಂಟರ್‌ನೆಟ್ ಹೋದ ದಿನ ಅದರ ಮೂಲಕ ನೆರೆಯೂರೂ ಸಿಗದು. ಹವ್ಯಾಸಿ ಪರವಾನಗಿ ಕೈಗೆ ಬರುವವರೆಗೆ ಮಾತಾಡಲು ಒತ್ತುವ ಪಿಟಿಟಿ ಗುಂಡಿಯನ್ನು ಮಾತ್ರ ಒತ್ತಲೇಬೇಡಿ.